ತೊಗರಿಯ ಸೀಮೆಗೆ ತ್ರಿಕೋನದ ಮರ

ಶಾಲೆಯ ಮಗುವಿಗೆ ಮರ ಬರೆಯಲು ಹೇಳಿದರೆ ಎಷ್ಟೋ ಸಲ ಕಾಗದದ ಮೇಲೆ ಮೂಡುವುದು ತ್ರಿಕೋನ. ಕ್ಯಾಲೆಂಡರುಗಳಿಂದ ಬಂದ ಆ ಹಿಮನಾಡಿನ ಆಕೃತಿ ಈಗ ಥೂಜಾ, ಅರಾಕೇರಿಯಾ ಎಂಬ ಹೆಸರಿನಲ್ಲಿ ಕಚೇರಿ, ಬಡಾವಣೆಗಳ ಅಂಗಳಕ್ಕೂ ಇಳಿದಿದೆ. ಹಸಿರು ಯಾವುದಾದರೇನು, ನೆಟ್ಟರಾಯಿತು ಎಂಬ ವಾದ ಅದರ ಬೆನ್ನಿಗಿದೆ. ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲದಲ್ಲಿ ಈ ವಾದ ನಿಲ್ಲದು.

ಕಲಬುರಗಿ ಜಿಲ್ಲೆಯ ಈ ತಾಲ್ಲೂಕುಗಳು ತೊಗರಿಯ ಕಣಜ. ಜಿಲ್ಲೆಯ ಬೇಳೆಗೆ 2019ರಲ್ಲಿ ಜಿ.ಐ. ಮಾನ್ಯತೆ ದೊರೆಯಿತು. ಮಳೆ ವರ್ಷಕ್ಕೆ 700ರಿಂದ 800 ಮಿ.ಮೀ.; ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಎರೆಮಣ್ಣು ಕ್ಷಾರಗುಣದ್ದು, ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಂಥದು. ಪೈನ್ ಮರ ಬಯಸುವುದು ನೀರು ಬಸಿಯುವ ಹುಳಿಮಣ್ಣನ್ನು. ಬೇರಿನೊಡನೆ ಬಾಳುವ ಶಿಲೀಂಧ್ರವಿಲ್ಲದೆ ಅದು ಚೇತರಿಸದು. ಥೂಜಾ ನೀರೆರೆದರೆ ಬದುಕೀತು. ಆದರೆ ಕೊಡ ನೀರಿಗೂ ಸಾಲು ನಿಲ್ಲುವ ಬೇಸಿಗೆಯಲ್ಲಿ ಆ ನೀರು ಯಾರಿಗಾಗಿ?

ಶಂಕುಫಲದ ಮರ ಹೂ ಬಿಡುವುದಿಲ್ಲ. ಅದರ ಬೀಜಕ್ಕೆ ಹಣ್ಣಿನ ಹೊದಿಕೆಯಿಲ್ಲ, ಪರಾಗ ಒಯ್ಯುವುದು ಗಾಳಿ, ಜೇನಿಗೆ ಕೊಡಲು ಮಕರಂದವಿಲ್ಲ. ಬೇವಾದರೋ ಯುಗಾದಿಗೆ ಹೂ ತುಂಬಿ ನಿಲ್ಲುತ್ತದೆ. ಅದರ ಹಿಂದುಮುಂದೆ ಹೊಂಗೆ, ಹುಣಸೆ. ಹೊಲ ಬರಿದಾದ ಆ ತಿಂಗಳುಗಳಲ್ಲಿ ಜೇನು ಬದುಕುವುದು ಈ ಬದುವಿನ ಮರಗಳಿಂದ. ತೊಗರಿ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ನಿಜ. ಆದರೆ ಜೇನು ಸುಳಿಯದ ಸೂರ್ಯಕಾಂತಿಯಲ್ಲಿ ಜಳ್ಳೇ ಹೆಚ್ಚು. ತೊಗರಿಯ ಕಾಯಿಕೊರಕಕ್ಕೆ ಸಿಂಪಡಿಸುವ ಶೇ. 5ರ ಕಷಾಯವೂ ಬೇವಿನ ಬೀಜದ್ದೇ.

ಹೂಬಿಡುವ ಸಸ್ಯವೆಂಬ ಹಣೆಪಟ್ಟಿಯೊಂದೇ ಸಾಲದು. ನೋಟಕ್ಕೆ ಪೈನಿನಂತಿರುವ ಗಾಳಿಮರ ಸಸ್ಯಶಾಸ್ತ್ರದಲ್ಲಿ ಹೂಬಿಡುವ ಕುಲದ್ದೇ. ಅದೂ ಗಾಳಿಯನ್ನೇ ನೆಚ್ಚಿದೆ. ಗಾಣಗಾಪುರದಲ್ಲಿ, ಭೀಮಾ–ಅಮರ್ಜಾ ಸಂಗಮದ ಸೀಮೆಯಲ್ಲಿ, ಜನ ಕೈಮುಗಿಯುವ ಅತ್ತಿ ಹೂವನ್ನೇ ತೋರಿಸದ ಮರ. ಹೂಗಳು ಕಾಯೊಳಗೆ ಅಡಗಿವೆ. ಅವನ್ನು ಹುಡುಕಿ ಒಳಹೊಗುವ ಕಿರುಕೀಟದಿಂದ ಅತ್ತಿಯ ವಂಶ, ಅತ್ತಿಯಿಂದ ಹಕ್ಕಿ–ಬಾವಲಿಗಳ ಹೊಟ್ಟೆ.

ಮಲೆನಾಡಿಗರಿಗೆ ಇದು ದೂರದ ಮಾತಲ್ಲ. ಉತ್ತರಾಖಂಡದಲ್ಲಿ ಚಿರ್ ಪೈನ್ ಅಲ್ಲಿಯದೇ ಮರ. ಆದರೂ ಮೋಪು, ರಾಳದ ಆಸೆಗೆ ಅದು ಬಾಂಜ್ ಓಕ್ ಕಾಡಿನ ಜಾಗಕ್ಕೆ ಹಬ್ಬಿದಾಗ ಹೆಂಗಸರು ಮೇವು, ಸೊಪ್ಪು ಕಳೆದುಕೊಂಡರು. ಉದುರಿದ ಸೂಜಿಯೆಲೆಗಳು ಕಾಡ್ಗಿಚ್ಚಿಗೆ ಹಾಸಿಗೆಯಾದವು.

ಒಂದೆರಡು ಥೂಜಾಗಳಿಂದ ನಾಡು ಮುಳುಗದು. ಸಾರ್ವಜನಿಕ ಹಣದಿಂದ ನೆಡುವಾಗ ಮಾತು ಬೇರೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳಲ್ಲಿ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ದಾಖಲಾತಿ ಬರೆಸಬೇಕು. ಈ ಮೂರು ತಾಲ್ಲೂಕುಗಳ ಸಮಿತಿಗಳು ಯಾವ ತಿಂಗಳು ಯಾವ ಮರ ಹೂ ಬಿಡುತ್ತದೆಂಬ ಪಟ್ಟಿಯನ್ನು ಅದರಲ್ಲಿ ಸೇರಿಸಲಿ. ಮೃಗಶಿರಾ ಮಳೆಗೆ ಸಸಿ ತರುವವರು ಆ ಪಟ್ಟಿ ಹಿಡಿದು ನರ್ಸರಿಗೆ ಹೋಗಲಿ.