ದಬ್‌ದಬಿ ದಾರಿಗೆ ವಾರಸುದಾರರು ಯಾರು?

ಮುಂಗಾರು ನಾಲ್ಕು ದಿನ ಹಿಡಿದು ಹೊಡೆಯಿತೆಂದರೆ ಬಳಿಚಕ್ರದ ಬಸ್ ನಿಲ್ದಾಣದಲ್ಲಿ ಭಾನುವಾರದ ಮಾತೇ ಬೇರೆ. "ದಬ್‌ದಬಿಗಿ ನೀರು ಬಂದಾವಂತ, ಹೋಗಾಮು ನಡಿ" ಎಂದು ಒಬ್ಬ ಅಂದರೆ ಸಾಕು, ನಾಲ್ಕು ಮಂದಿ ತಯಾರು. ಯಾದಗಿರಿಗೆ ಒಂದು ಬಸ್ಸು, ಅಲ್ಲಿಂದ ಗುರುಮಠಕಲ್‌ಗೆ ಇನ್ನೊಂದು, ಮುಂದೆ ನಜರಾಪುರದ ಕಡೆ ಟಂಟಂ ಸಿಕ್ಕರೆ ಟಂಟಂ, ಇಲ್ಲದಿದ್ದರೆ ಕಾಲೇ ಗತಿ. ಕೈಯಲ್ಲಿ ರೊಟ್ಟಿ ಗಂಟು, ಕಿಸೆಯಲ್ಲಿ ಮೊಬೈಲು.

ಬೆಂಗಳೂರಿನವರಿಗೆ ಹೇಳಿದರೆ ನಗುತ್ತಾರೆ. ಯಾದಗಿರಿಯಲ್ಲಿ ಜಲಪಾತವೇ? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಇಲ್ಲಿ ಬೀಳುವುದು ಹೆಚ್ಚುಕಡಿಮೆ ಅದರ ಹತ್ತರಲ್ಲೊಂದು ಪಾಲು. ಆದರೂ ಗುರುಮಠಕಲ್ ಭಾಗದ ಗುಡ್ಡಗಾಡಿನಲ್ಲಿ ಮಳೆಗಾಲಕ್ಕೆ ಹಳ್ಳಗಳು ಬಂಡೆಯಿಂದ ಧುಮುಕುತ್ತವೆ. ನಜರಾಪುರದ ದಬ್‌ದಬಿ ಒಂದು, ಚಿಂತನಹಳ್ಳಿಯ ಗವಿ ಸಿದ್ಧಲಿಂಗೇಶ್ವರನ ಗವಿ ಮುಂದೆ ಬೀಳುವ ನೀರು ಇನ್ನೊಂದು. ಜೋಗದ 253 ಮೀಟರಿನ ಮುಂದೆ ಇವು ಕೂಸುಗಳು. ಆದರೆ ಎಂಟು ತಿಂಗಳು ಬಿಸಿಲು ಕುಡಿದವನಿಗೆ ಈ ನೀರೇ ಜೋಗ.

ಕಾಲು ಮಾಡಿದ ದಾರಿ

ಚಾರಣ ಎಂಬ ಮಾತು ಈ ಕಡೆ ಈಚೆಗೆ ಬಂದದ್ದು. ನಡಿಗೆ ಮಾತ್ರ ಹಳೆಯದು. ಗುಡ್ಡದೊಳಗಿನ ಕಾಲುದಾರಿಗಳನ್ನು ಯಾವ ಇಲಾಖೆಯೂ ಟೆಂಡರ್ ಕರೆದು ಮಾಡಿಸಿದ್ದಲ್ಲ. ದನ ಕಾಯುವವರು, ಕಟ್ಟಿಗೆ ತರುವ ಹೆಣ್ಣುಮಕ್ಕಳು, ಸೀತಾಫಲ ಹರಿಯಲು ಹೋಗುವ ತಾಂಡಾದವರು, ಶ್ರಾವಣದಲ್ಲಿ ಗವಿಗೆ ಹೋಗುವ ಭಕ್ತರು, ಇವರೆಲ್ಲ ತುಳಿದು ತುಳಿದು ಆದ ದಾರಿ ಅದು. ಎಲ್ಲಿ ಬಂಡೆ ಜಾರುತ್ತದೆ, ಎಲ್ಲಿ ಹಳ್ಳ ದಾಟಬಾರದು ಎಂಬುದು ಅವರ ಕಾಲಿಗೇ ಗೊತ್ತು.

ಈಗ ಅದೇ ದಾರಿಗೆ ಹೊಸಬರ ಕಾಲು ಬಿದ್ದಿದೆ. ಮೊಬೈಲಿನಲ್ಲಿ ಅರ್ಧ ನಿಮಿಷದ ಚಿತ್ರ ನೋಡಿದವರು ಕಲಬುರಗಿ, ರಾಯಚೂರು, ಹೈದರಾಬಾದಿನಿಂದಲೂ ಬರಬಲ್ಲರು. ಚಿತ್ರದಲ್ಲಿ ನೀರು ಕಾಣುತ್ತದೆ, ಪಾಚಿ ಕಾಣುವುದಿಲ್ಲ. ಅಂಥವರ ಮುಂದೆ ನಡೆದು ದಾರಿ ತೋರಿಸುವವರು ಯಾರು, ಅವಘಡವಾದರೆ ಕೇಳುವವರು ಯಾರು ಎಂಬುದೇ ಪ್ರಶ್ನೆ.

ನೀರಿನಲ್ಲಿ ಎರಡು ಜಾತಿ

ಜಿಲ್ಲೆಯಲ್ಲಿ ಜನ ನೋಡಲು ಹೋಗುವ ನೀರು ಎರಡು ಥರ. ಒಂದು ಹಳ್ಳದ ನೀರು, ಇನ್ನೊಂದು ಹೊಳೆಯ ನೀರು. ಎರಡರ ಗುಣವೂ ಬೇರೆ, ಮೋಸವೂ ಬೇರೆ.

ದಬ್‌ದಬಿ, ಚಿಂತನಹಳ್ಳಿಯಂಥ ಕಡೆ ಬೀಳುವುದು ಹಳ್ಳದ ನೀರು. ಮೇಲೆ ಗುಡ್ಡದಲ್ಲಿ ಒಂದು ತಾಸು ಜೋರು ಮಳೆಯಾದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ. ತಿಳಿ ನೀರು ಒಮ್ಮೆಲೇ ಕೆಂಪಾಯಿತು, ಎಲೆ-ಕಡ್ಡಿ ತೇಲಿ ಬಂತು, ಸಪ್ಪಳ ದಪ್ಪಗಾಯಿತು ಎಂದರೆ ಫೋಟೊ ಸಾಕು, ಮೇಲೆ ಹತ್ತಬೇಕು. ನೀರು ಬೀಳುವ ಕಡೆಯ ಮಡುವೂ ನಂಬಿಕೆಗೆ ಲಾಯಕ್ಕಲ್ಲ. ಅಲ್ಲಿ ಗಾಳಿ ಬೆರೆತ ನೊರೆ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಬಾವಿಯಲ್ಲಿ ಈಜಿ ಗೆದ್ದವನೂ ಅಲ್ಲಿ ಸೋತಾನು.

ಸುರಪುರ ಸೀಮೆಯ ಛಾಯಾ ಭಗವತಿಯ ಮುಂದೆ ಹರಿಯುವುದು ಕೃಷ್ಣೆ, ಹೊಳೆಯ ನೀರು. ಅದಕ್ಕೆ ಇಲ್ಲಿನ ಮಳೆಯ ಹಂಗಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಬಂದು, ಗೇಟು ಎತ್ತಿದಾಗ ಕೆಳಗಿಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಲಕ್ಷಗಟ್ಟಲೆ ಕ್ಯೂಸೆಕ್ ಬಿಟ್ಟಾಗ ಶಹಾಪುರ ತಾಲ್ಲೂಕಿನ ಕೊಳ್ಳೂರು ಸೇತುವೆಯೇ ಮುಳುಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳೂ ಟಿಕೆಟ್ಟಿನ ಚಿಂತೆಯಿಲ್ಲದೆ ದೇವಿ ದರ್ಶನಕ್ಕೆ, ನೀರು ನೋಡಲಿಕ್ಕೆ ಹೊರಡುತ್ತಾರೆ. ಹೋಗಲಿ, ಹೋಗಲೇಬೇಕು. ಆದರೆ ಗೇಟು ಎತ್ತುವ ಸುದ್ದಿ ನದಿದಂಡೆಯ ಊರುಗಳಿಗೆ ಮುಟ್ಟಿದರೆ ಸಾಲದು, ಬಸ್ ಹತ್ತುವ ನಿಲ್ದಾಣಕ್ಕೂ ಮುಟ್ಟಬೇಕು.

ಮಲೆನಾಡಿನ ಪಾಠ

ಮಲೆನಾಡಿನಲ್ಲಿ ಈ ಆಟ ಆಗಲೇ ಆಡಿ ಮುಗಿದಿದೆ. 2023ರ ಜುಲೈನಲ್ಲಿ ದೂಧಸಾಗರ ನೋಡಲು ರೈಲು ಹಳಿ ಮೇಲೆ ನಡೆದ ಹುಡುಗರನ್ನು ಪೊಲೀಸರು ತಡೆದು ಬೈಠಕ್ ಹೊಡೆಸಿದರು. ಅದೇ ತಿಂಗಳು ಕೊಲ್ಲೂರು ಹತ್ತಿರದ ಅರಿಶಿನಗುಂಡಿಯಲ್ಲಿ ಬಂಡೆ ಮೇಲೆ ನಿಂತು ವಿಡಿಯೊ ತೆಗೆಸಿಕೊಳ್ಳುತ್ತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ಮುಗಿಬಿದ್ದರು. ಆಮೇಲೆ ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ಟಿಕೆಟ್ ಇಲ್ಲದ ಕಡೆಯೆಲ್ಲ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಬುಕಿಂಗ್ ವ್ಯವಸ್ಥೆ ಬಂತು. ಒಂದು ದಾರಿಗೆ ದಿನಕ್ಕೆ 300 ಮಂದಿಯ ಮಿತಿ.

ಅಂದರೆ ಮೊದಲು ಯಾರೂ ಕೇಳುವುದಿಲ್ಲ, ಆಮೇಲೆ ಅವಘಡ, ಆಮೇಲೆ ಬಂದ್, ಕೊನೆಗೆ ಚೀಟಿ. ಈ ನಾಲ್ಕು ಮೆಟ್ಟಿಲನ್ನು ಯಾದಗಿರಿಯೂ ಒಂದೊಂದಾಗಿ ಹತ್ತಬೇಕೇ?

ಬಂದ್ ಮಾಡಿದರೆ ಜನ ನಿಲ್ಲುವುದಿಲ್ಲ. ಮುಂಬಾಗಿಲು ಹಾಕಿದರೆ ಹೊಲದೊಳಗಿಂದ ಹೋಗುತ್ತಾರೆ, ರೈತನ ಹತ್ತಿ-ತೊಗರಿ ತುಳಿತಕ್ಕೆ ಸಿಗುತ್ತದೆ. ಇನ್ನು 'ಅಭಿವೃದ್ಧಿ' ಎಂದು ಸಿಮೆಂಟ್ ಮೆಟ್ಟಿಲು, ಬಣ್ಣದ ಕಮಾನು ಕಟ್ಟಿದರೆ ಗುತ್ತಿಗೆದಾರನಿಗೆ ಒಳ್ಳೆಯದು. ಆದರೆ ಪಾಚಿ ಕಟ್ಟಿದ ಸಿಮೆಂಟು ಬಂಡೆಗಿಂತ ಹೆಚ್ಚು ಜಾರುತ್ತದೆ. ಎರಡು ತಿಂಗಳ ನೀರಿಗೆ ಹನ್ನೆರಡು ತಿಂಗಳ ಕಟ್ಟಡ ಯಾಕೆ ಬೇಕು?

ಗುಳೆ ಹೋಗುವ ಕಾಲಿಗೆ ಕೆಲಸ

ದಾರಿ ಬಲ್ಲವರು ಊರಲ್ಲೇ ಇದ್ದಾರೆ. ಇಲ್ಲಾ, ಇರಬೇಕಾಗಿತ್ತು. ಈ ಭಾಗದ ತಾಂಡಾ-ಹಳ್ಳಿಗಳ ಹುಡುಗರು ಮುಂಬೈ, ಪುಣೆ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುವುದು ಯಾರಿಗೂ ಹೊಸ ಸುದ್ದಿಯಲ್ಲ. ಗುಡ್ಡದ ಮೂಲೆ ಮೂಲೆ ಬಲ್ಲವನು ಪುಣೆಯಲ್ಲಿ ಇಟ್ಟಿಗೆ ಹೊರುತ್ತಾನೆ. ಇಲ್ಲಿ ಪುಣೆಯಿಂದ ಬಂದವನು ಗುಡ್ಡದಲ್ಲಿ ದಾರಿ ತಪ್ಪುತ್ತಾನೆ.

ಇದನ್ನು ಸರಿ ಮಾಡಲು ಹೊಸ ಕಾನೂನೇನೂ ಬೇಕಿಲ್ಲ. ಜಂಟಿ ಅರಣ್ಯ ನಿರ್ವಹಣೆಗೆ ಸರ್ಕಾರ ಆದೇಶ ಹೊರಡಿಸಿದ್ದು 1993ರಲ್ಲೇ. ಗ್ರಾಮ ಅರಣ್ಯ ಸಮಿತಿ ಎಂಬ ಹೆಸರು ಅಲ್ಲಿಂದ ಬಂದದ್ದು. ಆ ಸಮಿತಿಯ ಕೈಗೆ ಮಳೆಗಾಲದ ದಾರಿ ಕೊಡಲಿ. ಊರಿನ ಹತ್ತು ಹುಡುಗ-ಹುಡುಗಿಯರಿಗೆ ಹಗ್ಗ ಹಿಡಿಯುವುದು, ಪ್ರಥಮ ಚಿಕಿತ್ಸೆ ಮಾಡುವುದು ಕಲಿಸಲಿ. ಬಂದವರಿಂದ ಒಂದು ಸಣ್ಣ ಚೀಟಿ ಹಣ ತೆಗೆದುಕೊಂಡು ಅವರ ಕೂಲಿ ಕೊಡಲಿ. ನೀರು ಏರಿದರೆ "ಇವತ್ತು ಇಲ್ಲ, ವಾಪಸ್ ಹೋಗ್ರಿ" ಅನ್ನುವ ಅಧಿಕಾರವೂ ಅವರಿಗೇ ಇರಲಿ. ಪಕ್ಕದ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡು 2011ರಲ್ಲಿ ವನ್ಯಧಾಮವಾಯಿತು, ಎತ್ತಿಪೋತ ಜಲಪಾತ ಇರುವುದು ಆ ಸೀಮೆಯಲ್ಲೇ. ಕಲ್ಯಾಣ ಕರ್ನಾಟಕಕ್ಕೆ ಕಾಡೂ ಇದೆ, ನೀರೂ ಇದೆ ಎಂಬುದಕ್ಕೆ ಇನ್ನು ಸಾಕ್ಷಿ ಬೇಡ.

ಲಾಭ ಬರೀ ನಜರಾಪುರಕ್ಕಲ್ಲ. ಭಾನುವಾರ ನಾಲ್ಕು ಬಸ್ ಜನ ಇಳಿದರೆ ಗುರುಮಠಕಲ್‌ನ ಸುಸಲಾ-ಭಜಿ ಅಂಗಡಿಗೆ, ಯಾದಗಿರಿಯ ಚಹಾ ಹೋಟೆಲಿಗೆ, ಟಂಟಂನವನಿಗೆ ಎಲ್ಲರಿಗೂ ಒಂದಿಷ್ಟು ವ್ಯಾಪಾರ. ನೀರು ಇಳಿಯುವ ಹೊತ್ತಿಗೆ ಸೀತಾಫಲದ ಬುಟ್ಟಿ ಬರುತ್ತದೆ, ಅದಕ್ಕೂ ಗಿರಾಕಿ. ಇದಕ್ಕೆ ಬೇಕಾದದ್ದು ಭಾನುವಾರ ಸಂಜೆ ನೆಚ್ಚಿಕೊಳ್ಳುವಂಥ ಒಂದು ವಾಪಸ್ ಬಸ್ಸು. ಕೊನೆಯ ಬಸ್ ತಪ್ಪೀತೆಂದು ಕತ್ತಲಲ್ಲಿ ಬಂಡೆ ಇಳಿದು ಓಡುವವನೇ ಮೊದಲು ಜಾರುವವನು.

ಪ್ರದೇಶಾಭಿವೃದ್ಧಿ ಮಂಡಳಿಯವರು ಸಾವಿರಾರು ಕೋಟಿಯ ಲೆಕ್ಕ ಮಾತಾಡುತ್ತಾರೆ. ಹತ್ತು ಮಂದಿಯ ಎರಡು ತಿಂಗಳ ಕೂಲಿ, ನಾಲ್ಕು ಹಗ್ಗ, ಒಂದು ಬಸ್ಸು ಆ ಲೆಕ್ಕದಲ್ಲಿ ಚಿಲ್ಲರೆ. ಜಿಲ್ಲಾಡಳಿತ, ಅರಣ್ಯ ಇಲಾಖೆ, ಸಾರಿಗೆಯವರು, ಊರಿನ ಪಂಚರು ಒಂದು ದಿನ ಒಂದು ಕಡೆ ಕೂತರೆ ಮುಗಿಯುವ ಕೆಲಸ. ಕೂಡುವುದಾದರೆ ರೋಹಿಣಿ ಮಳೆಗೆ ಮುಂಚೆ ಕೂಡಲಿ. ದಸರೆ ಮುಗಿದ ಮೇಲೆ ಸಭೆ ಕರೆದರೆ ನೋಡಲು ಅಲ್ಲಿ ಬರೀ ಬಂಡೆ ಇರುತ್ತದೆ.