ಒಂದೇ ಶೆಲ್ಲಿನ ಕೈದೀಪ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯ ಮನೆಗಳಲ್ಲಿ ಟಾರ್ಚಿಗೆ ‘ಬ್ಯಾಟರಿ’ ಎಂತಲೂ, ಅದರೊಳಗೆ ತುಂಬುವ ಬ್ಯಾಟರಿಗೆ ‘ಶೆಲ್ಲು’ ಎಂತಲೂ ಹೆಸರು. ಈ ಬರಹದಲ್ಲಿ ನಾವು ದೀಪವನ್ನು ಟಾರ್ಚು ಎಂದೂ ಒಳಗಿನದನ್ನು ಶೆಲ್ಲು ಎಂದೂ ಕರೆಯುತ್ತೇವೆ. ಇಲ್ಲವಾದರೆ ‘ಒಂದು ಬ್ಯಾಟರಿಯ ಬ್ಯಾಟರಿ’ ಎಂದು ಬರೆಯಬೇಕಾದೀತು.

ಕಳೆದ ತಿಂಗಳು ನಮ್ಮ ಕೈಗೆ ಬಂದ ಟಾರ್ಚು ನಡುಬೆರಳಿಗಿಂತ ತುಸು ಉದ್ದ, ಹೆಬ್ಬೆರಳಿಗಿಂತ ತುಸು ದಪ್ಪ. ಅಲ್ಯೂಮಿನಿಯಂ ಮೈ, ಹಿಂಬದಿಯಲ್ಲಿ ರಬ್ಬರಿನ ಗುಂಡಿ, ಜೇಬಿಗೆ ಸಿಕ್ಕಿಸಲು ಒಂದು ಕ್ಲಿಪ್ಪು. ಗೋಡೆಯ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಶೆಲ್ಲು ಒಂದನ್ನು ಹಾಕಿದರೆ ಸಾಕು. ನಮ್ಮ ಹಿರಿಯರ ಕಾಲದ ಟಾರ್ಚನ್ನು ಬಲ್ಲವರಿಗೆ ಇದು ಆಟಿಕೆಯಂತೆಯೇ ತೋರುವುದು. ಮೂರು ದಪ್ಪ ಶೆಲ್ಲುಗಳ, ಬೆಳ್ಳಿಯಂತೆ ಹೊಳೆಯುವ ಆ ಟಾರ್ಚು ಅರ್ಧ ದೀಪ, ಅರ್ಧ ದೊಣ್ಣೆ. ಗೂಟಕ್ಕೆ ನೇತುಹಾಕಿದ್ದನ್ನು ಯಜಮಾನರ ಅಪ್ಪಣೆಯಿಲ್ಲದೆ ಯಾರೂ ಮುಟ್ಟುತ್ತಿರಲಿಲ್ಲ.

ಇಷ್ಟು ಸಣ್ಣ ವಸ್ತುವಿನಿಂದ ಅಷ್ಟು ಬೆಳಕು ಹೇಗೆ ಎಂಬ ಪ್ರಶ್ನೆ ಸಹಜ. ಹಳೆಯ ಬಲ್ಬಿನಲ್ಲಿ ತಂತಿ ಕಾದು ಬೆಳಗುತ್ತಿತ್ತು. ಶೆಲ್ಲಿನ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಶಾಖವಾಗಿಯೇ ಹೋಗುತ್ತಿತ್ತು. ಎಲ್‌ಇಡಿಯಲ್ಲಿ ಕಾಯುವ ತಂತಿಯಿಲ್ಲ. 1993ರಲ್ಲಿ ಜಪಾನಿನ ನಿಚಿಯಾ ಸಂಸ್ಥೆಯಲ್ಲಿ ಶೂಜಿ ನಕಮುರಾ ಅವರು ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಿದ್ಧಪಡಿಸಿದರು. ಆ ನೀಲಿ ಬೆಳಕಿನ ಮೇಲೆ ಹಳದಿ ಲೇಪ ಕೊಟ್ಟು ಬಿಳಿ ಬೆಳಕು ಪಡೆಯುವ ದೀಪವನ್ನು ಅದೇ ಸಂಸ್ಥೆ 1996ರಲ್ಲಿ ಮಾರುಕಟ್ಟೆಗೆ ತಂದಿತು. ನೀಲಿ ಎಲ್‌ಇಡಿಗಾಗಿ ನಕಮುರಾ, ಅಕಸಾಕಿ ಮತ್ತು ಅಮಾನೊ ಈ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು.

ಆದರೆ ಒಂದು ತೊಡಕು ಉಂಟು. ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು, ಪೆನ್ಸಿಲ್ ಶೆಲ್ಲು ಕೊಡುವುದು 1.5 ವೋಲ್ಟ್ ಮಾತ್ರ. ಆದುದರಿಂದ ಟಾರ್ಚಿನ ತಲೆಯೊಳಗೆ ಚಿಕ್ಕದೊಂದು ಸುರುಳಿಯೂ ಮಂಡಲವೂ ಕುಳಿತು, ಏತವು ಬಾವಿಯ ನೀರನ್ನು ಮೇಲಿನ ಕಾಲುವೆಗೆ ಎತ್ತುವಂತೆ, ವೋಲ್ಟನ್ನು ಎತ್ತಿ ಕೊಡುತ್ತವೆ. ಎತ್ತುವ ಶ್ರಮವೂ ಅದೇ ಶೆಲ್ಲಿನದು. ಪೂರ್ಣ ಬೆಳಕಿನಲ್ಲಿ ಇಟ್ಟರೆ ಶೆಲ್ಲು ಬೇಗ ಬರಿದಾಗುವುದಕ್ಕೆ ಇದೇ ಕಾರಣ.

ಡಬ್ಬಿಯ ಮೇಲೆ ‘ಲ್ಯೂಮೆನ್’ ಎಂದು ದೊಡ್ಡ ಅಂಕಿಯನ್ನು ಮುದ್ರಿಸಿರುತ್ತಾರೆ. ಒಂದು ಮೇಣದ ಬತ್ತಿಯ ಬೆಳಕು ಸುಮಾರು 12 ಲ್ಯೂಮೆನ್ ಎಂದು ತಿಳಿದರೆ ಉಳಿದುದನ್ನು ಓದುಗರೇ ಅಳೆದುಕೊಳ್ಳಬಹುದು. ಈ ಟಾರ್ಚಿಗೆ ಮೂರು ಹಂತಗಳಿವೆ. ಅಂಗಡಿಯವರು ತೋರಿಸುವುದು ಮೂರನೆಯ ಹಂತವನ್ನು, ನಮಗೆ ಹಿಡಿಸಿದ್ದು ಮೊದಲನೆಯದು. ನಾಲ್ಕೂ ತಾಲ್ಲೂಕುಗಳ ನೆಂಟರಿಷ್ಟರ ಮನೆಗಳಿಗೆ ಇದನ್ನು ಒಯ್ದು, ಅವರವರ ರಾತ್ರಿಯ ಕೆಲಸದಲ್ಲಿ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಗದ್ದೆಗೆ ನೀರು ಕಟ್ಟುವ ಸರದಿ ಹಗಲಿಗೇ ಬರುವುದೆಂಬ ನಿಯಮವಿಲ್ಲ. ಪಂಪ್‌ಸೆಟ್ಟಿನವರಿಗೂ ಮೂರು ಫೇಸ್ ವಿದ್ಯುತ್ತು ಪಾಳಿಯ ಮೇಲೆ ಬರುವುದಾಗಿ, ಎಷ್ಟೋ ರಾತ್ರಿಗಳಲ್ಲಿ ನಡುರಾತ್ರಿಗೆ ಎದ್ದು ಹೋಗಬೇಕು. ಬದುವಿನ ಮೇಲೆ ಇಲಿ ಇರುವಲ್ಲಿ ಹಾವೂ ಇರುವುದು. ನಾಗರಹಾವಾದರೆ ಹೆಡೆಯೆತ್ತಿ ಬುಸುಗುಟ್ಟಿ ಎಚ್ಚರಿಸಬಹುದು. ಕೊಳಕು ಮಂಡಲವು ಒಣ ಹುಲ್ಲಿನ ಬಣ್ಣದಲ್ಲಿ ಬೆರೆತು ಸುಮ್ಮನೆ ಬಿದ್ದಿರುವುದೇ ಹೆಚ್ಚು, ತುಳಿದ ಮೇಲೆಯೇ ಅರಿವಾಗುವುದು. ಕಟ್ಟುಹಾವು ರಾತ್ರಿಯ ಸಂಚಾರಿ. ಅದು ಮನೆಯೊಳಗೂ ಬರುವುದು. ನೆಲದ ಮೇಲೆ ಮಲಗಿದವರನ್ನು ಕಚ್ಚಿದರೂ ಎಷ್ಟೋ ವೇಳೆ ನೋವೇ ತಿಳಿಯದು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಳ್ಳಿಯ ಈ ಹಳೆಯ ಸಂಕಟ ಲೆಕ್ಕಕ್ಕೆ ಬಂದುದು ತಡವಾಗಿಯಾದರೂ ಒಳ್ಳೆಯದೇ ಆಯಿತು.

ಇಂತಹ ಬದುವಿನ ಮೇಲೆ ಬೇಕಾದುದು ದೂರದ ತೆಂಗಿನ ಗರಿಯನ್ನು ತೋರಿಸುವ ಬೆಳಕಲ್ಲ, ಮುಂದಿನ ನಾಲ್ಕು ಹೆಜ್ಜೆಯನ್ನು ತೋರಿಸುವ ಬೆಳಕು. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಪ್ರಖರವಾದ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಆ ಹೊಂದಿಕೆಯೆಲ್ಲ ಹೋಗಿ, ಬೆಳಕಿನ ಸುತ್ತಿನ ಆಚೆಗೆ ಏನೂ ಕಾಣದಂತಾಗುವುದು. ಮೊದಲ ಹಂತದ ಮಂದ ಬೆಳಕಿನಲ್ಲಿ ಬದುವೂ ಕಂಡಿತು, ಪಕ್ಕದ ಗದ್ದೆಯ ನೀರಿನ ಮಿನುಗೂ ಕಂಡಿತು. ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿಯುವುದು ಮೇಲು. ಬೆಳಕು ಓರೆಯಾಗಿ ಬಿದ್ದಾಗ ಕಲ್ಲಿಗೂ ಹಾವಿಗೂ ನೆರಳು ಬೀಳುವುದು, ನೆರಳಿನಿಂದಲೇ ಅದರ ಉಬ್ಬು ತಿಳಿಯುವುದು. ತಲೆಗೆ ಕಟ್ಟುವ ಟಾರ್ಚು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ಎರಡು ಕೈಯನ್ನೂ ಬಿಡುವು ಮಾಡಿಕೊಡುತ್ತದೆಂಬುದು ನಿಜ. ಆದರೆ ಕಣ್ಣಿನ ಪಕ್ಕದಿಂದಲೇ ಬೀಳುವ ಬೆಳಕಿನಲ್ಲಿ ನೆರಳು ಕಾಣದೆ ನೆಲವೆಲ್ಲ ಚಪ್ಪಟೆಯಾಗಿ ತೋರುವುದು. ಚಳಿಗಾಲದ ಮಂಜಿನಲ್ಲಿಯಂತೂ ಕಣ್ಣೆದುರು ಬಿಳಿಯ ಗೋಡೆ ಎದ್ದಂತಾಗುವುದು. ಮತ್ತು ಯಾವ ಟಾರ್ಚು ಇದ್ದರೂ ಗಟ್ಟಿಯಾದ ಬೂಟು, ಕೈಯಲ್ಲೊಂದು ಕೋಲು ಇರಲೇಬೇಕು.

‘ಮೊಬೈಲಿನಲ್ಲಿಯೇ ಟಾರ್ಚು ಇರುವಾಗ ಇನ್ನೊಂದು ಏಕೆ?’ ಎಂದು ಕೃಷ್ಣರಾಜನಗರದ ನಮ್ಮ ಸೋದರಳಿಯನೊಬ್ಬ ಕೇಳಿದ. ಕೈಜಾರಿ ನಾಲೆಗೆ ಬೀಳುವ ಭಯ ಒಂದು ಕಡೆ ಇರಲಿ. ಹಾವು ಕಚ್ಚಿದ ವೇಳೆಯಲ್ಲಿ 108ಕ್ಕೆ ಕರೆ ಮಾಡಬೇಕಾದ ಯಂತ್ರವು ದಾರಿ ತೋರಿಸಿಯೇ ಬರಿದಾಗಿದ್ದರೆ ಗತಿಯೇನು? ಕಚ್ಚಿದ ಕಡೆ ಕೊಯ್ಯುವುದು, ಬಿಗಿದು ಕಟ್ಟುವುದು ಇವೆಲ್ಲ ಕೂಡದೆಂದು ವೈದ್ಯರು ಹೇಳುತ್ತಾರೆ. ಅಂಗವನ್ನು ಅಲುಗಿಸದೆ ಬೇಗನೆ ಆಸ್ಪತ್ರೆ ಸೇರಿಸುವುದೊಂದೇ ಮಾರ್ಗ. ಅದಕ್ಕೆ ಫೋನಿನಲ್ಲಿ ಜೀವ ಉಳಿದಿರಬೇಕು.

ಪಿರಿಯಾಪಟ್ಟಣ ಹುಣಸೂರುಗಳ ವಿಷಯ ಬೇರೆ. ಅಲ್ಲಿ ಹೊಗೆಸೊಪ್ಪಿನ ಹಂಗಾಮಿನಲ್ಲಿ ಮನೆಮಂದಿಗೆ ನಿದ್ರೆಯೇ ಇಲ್ಲ. ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ಐದಾರು ದಿನ ಹಗಲಿರುಳೂ ಬೆಂಕಿಯನ್ನು ಕಾಯಬೇಕು. ಮೊದಲು ಸೊಪ್ಪು ಹಳದಿಗೆ ತಿರುಗುವವರೆಗೆ ಸುಮಾರು 95 ಡಿಗ್ರಿ ಫ್ಯಾರನ್‌ಹೀಟಿನ ಹದ, ಕಡೆಗೆ ದಂಟು ಒಣಗುವಾಗ 160ರ ಆಸುಪಾಸು. ನಡುವೆ ಶಾಖ ಒಮ್ಮೆಲೇ ಏರಿದರೂ ಇಳಿದರೂ ವರ್ಷದ ದುಡಿಮೆಯ ಬೆಲೆ ಹರಾಜು ಮಾರುಕಟ್ಟೆಯಲ್ಲಿ ಕುಸಿಯುವುದು. ಗಾಜಿನ ಕಿಂಡಿಯ ಮೂಲಕ ಥರ್ಮಾಮೀಟರ್ ಓದಲು ಈ ಸಣ್ಣ ಟಾರ್ಚು ಹೇಳಿ ಮಾಡಿಸಿದಂತಿತ್ತು. ದೊಡ್ಡ ಟಾರ್ಚಿನ ಬೆಳಕು ಗಾಜಿಗೆ ಬಡಿದು ನಮ್ಮ ಕಣ್ಣಿಗೇ ಹಿಂದಿರುಗಿತು, ಇದರ ಮೊದಲ ಹಂತದಲ್ಲಿ ಅಂಕಿಗಳು ಸ್ಪಷ್ಟವಾಗಿ ಕಂಡವು.

ಆದರೆ ಸೊಪ್ಪಿನ ಬಣ್ಣವನ್ನು ಈ ಬೆಳಕಿನಲ್ಲಿ ನೋಡಿ ತೀರ್ಮಾನಿಸುವುದು ಸಲ್ಲದು. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು, ಕೆಂಪಿನ ಪಾಲು ಕಡಿಮೆ. ನಿಂಬೆಹಳದಿಗೂ ಕಿತ್ತಳೆಗೂ ಇರುವ ಅಂತರ ಅದರಲ್ಲಿ ಮಂಕಾಗುವುದು. ಪಿರಿಯಾಪಟ್ಟಣದ ನಮ್ಮ ಭಾವನವರು ರಾತ್ರಿ ಈ ಬೆಳಕಿನಲ್ಲಿ ‘ಇನ್ನೂ ಹಸಿರು ಉಳಿದಿದೆ’ ಎಂದ ಎಲೆ ಬೆಳಗಿನ ಬೆಳಕಿನಲ್ಲಿ ಪೂರ್ತಿ ಹಳದಿಯಾಗಿತ್ತು. ಹಳೆಯ ಬಲ್ಬಿನ ಕೆಂಪು ಬೆಳಕೂ ಮೋಸ ಮಾಡುತ್ತಿತ್ತೆನ್ನಿ, ಆ ಮೋಸ ಅವರ ಕಣ್ಣಿಗೆ ರೂಢಿಯಾಗಿತ್ತು, ಅಷ್ಟೇ. ಬೆಚ್ಚನೆಯ ಬಣ್ಣದ, ಬಣ್ಣಗಳನ್ನು ಸರಿಯಾಗಿ ತೋರಿಸುವ ಎಲ್‌ಇಡಿಗಳೂ ಈಗ ದೊರೆಯುತ್ತವೆ. ಸೊಪ್ಪು ಬೆಳೆಯುವ ಮನೆಯವರು ಕೊಳ್ಳುವುದಾದರೆ ಅಂತಹುದನ್ನೇ ಕೇಳಿ ಕೊಳ್ಳುವುದು ಲೇಸು.

ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಮಾತ್ರ ಈ ಟಾರ್ಚಿನ ಮಿತಿ ಕಂಡಿತು. ನಾಗರಹೊಳೆಯ ಅಂಚಿನಲ್ಲಿ ಕಂದಕಗಳನ್ನು ತೋಡಿದ್ದಾರೆ, ಹಳೆಯ ರೈಲು ಹಳಿಗಳ ಬೇಲಿಯನ್ನೂ ಹಾಕಿದ್ದಾರೆ. ಆದರೂ ಆನೆ ಹೊರಬರುವುದು ನಿಂತಿಲ್ಲ. ಪೂರ್ಣ ಬೆಳಕಿನಲ್ಲಿಯೂ ನಮ್ಮ ಟಾರ್ಚು ನಲವತ್ತು ಐವತ್ತು ಹೆಜ್ಜೆಯ ಆಚೆಗೆ ಏನನ್ನೂ ಸ್ಪಷ್ಟವಾಗಿ ತೋರಿಸಲಿಲ್ಲ. ಆನೆ ಅಷ್ಟು ಹತ್ತಿರದಲ್ಲಿ ಕಂಡರೆ ಕಂಡೂ ಪ್ರಯೋಜನವಿಲ್ಲ. ಅಲ್ಲಿಯವರಿಗೆ ದೂರ ಹಾಯುವ, ರೀಚಾರ್ಜ್ ಮಾಡುವ ದೊಡ್ಡ ಟಾರ್ಚೇ ಬೇಕು. ಅದೂ ಆನೆಯ ಕಣ್ಣಿಗೆ ಬಿಟ್ಟು ಕೆಣಕಲು ಅಲ್ಲ, ದೂರದಲ್ಲಿಯೇ ಗುರುತಿಸಿ ಹಿಂದಿರುಗಲು. ರಾತ್ರಿ ಹೊಲ ಕಾಯಲು ಒಬ್ಬೊಬ್ಬರೇ ಹೋಗುವುದನ್ನು ಯಾವ ಟಾರ್ಚೂ ಸುರಕ್ಷಿತಗೊಳಿಸಲಾರದು.

ಇನ್ನು ಶೆಲ್ಲಿನ ಮಾತು. ಇದರ ದೊಡ್ಡ ಗುಣವೆಂದರೆ ಶೆಲ್ಲು ಯಾವ ಹಳ್ಳಿಯ ಅಂಗಡಿಯಲ್ಲಿಯೂ ಸಿಗುವುದು. ಮೂರು ದಿನ ಕರೆಂಟಿಲ್ಲದ ಮಳೆಗಾಲದಲ್ಲಿ ಈ ಗುಣಕ್ಕೆ ಬೆಲೆ ಕಟ್ಟಲಾಗದು. ಸಾಮಾನ್ಯ ಅಗ್ಗದ ಶೆಲ್ಲಿಗಿಂತ ‘ಆಲ್ಕಲೈನ್’ ಎಂದು ಬರೆದಿರುವುದು ಬಹಳ ಹೆಚ್ಚು ಹೊತ್ತು ಬಾಳುವುದು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ 1.2 ವೋಲ್ಟಿನ ಶೆಲ್ಲೂ ಇದಕ್ಕೆ ಒಗ್ಗುವುದು. ಆದರೆ ನೋಡಲು ಅದೇ ಅಳತೆಯ, 3.7 ವೋಲ್ಟಿನ ಲಿಥಿಯಂ ಶೆಲ್ಲುಗಳೂ ಮಾರುಕಟ್ಟೆಯಲ್ಲಿವೆ. ಟಾರ್ಚಿನ ಕಾಗದದಲ್ಲಿ ಅನುಮತಿ ಇಲ್ಲದಿದ್ದರೆ ಅದನ್ನು ತುಂಬಬಾರದು, ಒಳಗಿನ ಮಂಡಲ ಸುಟ್ಟುಹೋದೀತು. ಹಳೆಯ ಟಾರ್ಚು ಕೆಂಪಗಾಗುತ್ತ, ಮಂಕಾಗುತ್ತ ಮುನ್ಸೂಚನೆ ಕೊಟ್ಟು ಆರುತ್ತಿತ್ತು. ಇದು, ಅದರಲ್ಲಿಯೂ ಚಾರ್ಜಿನ ಶೆಲ್ಲು ಹಾಕಿದಾಗ, ಕಡೆಯವರೆಗೆ ಒಂದೇ ಸಮನೆ ಬೆಳಗಿ ಥಟ್ಟನೆ ಆರಿತು. ಗದ್ದೆಯ ನಡುವೆ ಹಾಗಾಗದಿರಲು ಜೇಬಿನಲ್ಲಿ ಇನ್ನೊಂದು ಶೆಲ್ಲು ಇಟ್ಟುಕೊಂಡಿರಬೇಕು. ತಿಂಗಳುಗಟ್ಟಲೆ ಬಳಸದಿದ್ದರೆ ಶೆಲ್ಲನ್ನು ತೆಗೆದಿಡಬೇಕು, ಸೋರಿದ ಶೆಲ್ಲು ಒಳಗಿನ ಸ್ಪ್ರಿಂಗನ್ನು ತಿಂದುಹಾಕುವುದು.

ನಮ್ಮ ಮನೆಯಲ್ಲಿ ಈಗ ಇದು ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಅತ್ತೆಯವರು ಹಿತ್ತಲಿಗೆ ಹೋಗುವಾಗ ಅಪ್ಪಣೆ ಕೇಳದೆ ತೆಗೆದುಕೊಂಡು ಹೋಗುತ್ತಾರೆ. ಗುಂಡಿ ಸ್ವಲ್ಪ ಬಿಗಿ, ಒದ್ದೆ ಕೈಯಲ್ಲಿ ಜಾರುತ್ತದೆ ಎಂಬುದು ಅವರ ಆಕ್ಷೇಪಣೆ.