ಕುಂಡದ ಗಿಡಕ್ಕೆ ನೀರೇ ವಿಷವಾದಾಗ

ಗಿಡಕ್ಕೆ ನೀರೆರೆಯುವುದು ಪುಣ್ಯದ ಕಾರ್ಯವೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆದರೆ ಮನೆಯೊಳಗಿನ ಗಿಡಗಳ ಮಟ್ಟಿಗೆ, ನೀರಿಲ್ಲದೆ ಒಣಗಿದವುಗಳಿಗಿಂತ ನೀರು ಹೆಚ್ಚಾಗಿ ಕೊಳೆತವುಗಳನ್ನೇ ನಾನು ಅಧಿಕವಾಗಿ ಕಂಡಿದ್ದೇನೆ.

ಲಿಂಗೈಕ್ಯರಾದ ನಮ್ಮ ಅತ್ತೆಯವರು ಬಹುಕಾಲ ಸಲಹಿದ್ದ ಡಿಫೆನ್‌ಬೇಕಿಯಾ ಗಿಡವೊಂದು ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿದೆ. ಅಗಲವಾದ ಹಸಿರೆಲೆಗಳ ನಡುವೆ ಕೆನೆಬಣ್ಣದ ಮಚ್ಚೆಗಳು. ಕಳೆದ ಮಳೆಗಾಲದಲ್ಲಿ ಅದರ ಕೆಳಗಿನ ಎಲೆಗಳು ಹಳದಿಯಾಗಿ ಜೋತುಬಿದ್ದವು. ಬಾಯಾರಿಕೆಯೆಂದು ಭಾವಿಸಿ ನಾನು ಮುಂಜಾನೆ ಒಂದು ತಂಬಿಗೆ ನೀರು ಹಾಕಿದೆ; ಅದನ್ನರಿಯದ ನಮ್ಮ ಮನೆಯವರು ಸಂಜೆ ಇನ್ನೊಂದು ತಂಬಿಗೆ ಹಾಕಿದರು. ಎಂಟು ದಿನ ಹೀಗೆಯೇ ನಡೆಯಿತು. ಕೊನೆಗೆ ಕಾಂಡದ ಬುಡ ಬೆರಳಿಗೆ ಮೆತ್ತಗಾಗಿ, ಮಣ್ಣಿನಿಂದ ದುರ್ವಾಸನೆ ಬರತೊಡಗಿತು.

ಬೇರಿಗೂ ಉಸಿರು ಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಅದು ಆಮ್ಲಜನಕವನ್ನು ಹೀರುತ್ತದೆ. ಆ ಸ್ಥಳವನ್ನೆಲ್ಲ ನೀರು ಆಕ್ರಮಿಸಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಪಿಥಿಯಂ ಮೊದಲಾದ, ನೀರಿನಲ್ಲಿ ಹರಡುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ. ಸತ್ತ ಬೇರು ನೀರನ್ನು ಮೇಲಕ್ಕೆ ಕಳುಹಿಸಲಾರದು. ಆದುದರಿಂದಲೇ ನೀರಿನಲ್ಲಿ ನಿಂತ ಗಿಡವೂ ಬಾಯಾರಿದಂತೆ ಬಾಡುತ್ತದೆ. ನಾವು ಮೋಸಹೋಗುವುದು ಇಲ್ಲಿಯೇ.

ನಮ್ಮ ಕುಂಡದಲ್ಲಿ ಹೊಲದಿಂದ ತಂದ ಎರೆಮಣ್ಣು ತುಂಬಿತ್ತು. ಜೋಳ, ಕಡಲೆಗೆ ವರವಾಗಿರುವ ಅದರ ನೀರು ಹಿಡಿಯುವ ಗುಣವೇ ಕುಂಡದಲ್ಲಿ ಶಾಪವಾಗುತ್ತದೆ. ಡಿಫೆನ್‌ಬೇಕಿಯಾ ಅಮೆರಿಕದ ಉಷ್ಣವಲಯದ ಕಾಡಿನದು. ಮರಗಳ ನೆರಳಿನಲ್ಲಿ, ಎಲೆ ಕೊಳೆತು ಸಡಿಲವಾದ ನೆಲದಲ್ಲಿ ಬೆಳೆಯುವಂಥದು. (ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ತೋಟಗಾರ ಡಿಫೆನ್‌ಬಾಖ್ ಅವರ ಹೆಸರನ್ನು ಸಸ್ಯಶಾಸ್ತ್ರಜ್ಞ ಷೋಟ್ 1829ರಲ್ಲಿ ಇದಕ್ಕಿಟ್ಟರು.) ಸಾಲದೆಂಬಂತೆ ಕುಂಡದ ಕೆಳಗಿನ ತಟ್ಟೆಯಲ್ಲಿ ಸದಾ ನೀರು ನಿಂತಿರುತ್ತಿತ್ತು.

ಚಿಕಿತ್ಸೆಗೆ ಮುನ್ನ ಒಂದು ಎಚ್ಚರಿಕೆ. ಇದು ಕೆಸುವಿನ ಕುಟುಂಬದ ಸಸ್ಯ. ಕೆಸು, ಸುವರ್ಣಗಡ್ಡೆಗಳ ತುರಿಕೆಗೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಇದರಲ್ಲಿಯೂ ಇವೆ. ಮಕ್ಕಳು ಅಗಿದರೆ ನಾಲಿಗೆ, ಗಂಟಲು ಊದಿಕೊಳ್ಳುತ್ತವೆ. ಕೈಗವಸು ಧರಿಸಿಯೇ ಕತ್ತರಿಸಬೇಕು. ರಸ ತಾಗಿದ ಕೈಯನ್ನು ಕಣ್ಣಿಗೆ ಒಯ್ಯಲೇಬಾರದು.

ಗಿಡವನ್ನು ಕುಂಡದಿಂದ ಹೊರತೆಗೆದು ಬೇರುಗಳನ್ನು ನೀರಿನಲ್ಲಿ ತೊಳೆದು ನೋಡಿರಿ. ಆರೋಗ್ಯವಂತ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದಾಗಿದ್ದು, ಎಳೆದರೆ ಸಿಪ್ಪೆ ಕಳಚಿ ಒಳಗಿನ ನೂಲೆಳೆ ಮಾತ್ರ ಉಳಿಯುತ್ತದೆ. ಅಂಥವನ್ನೆಲ್ಲ ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಿಂದ ಕತ್ತರಿಸಿ, ಹಿಂದಿನದಕ್ಕಿಂತ ಚಿಕ್ಕ ಕುಂಡದಲ್ಲಿ ಹೊಸ ಮಣ್ಣಿಗೆ ನೆಡಬೇಕು. ಹಳೆಯ ಮಣ್ಣನ್ನು ಬೇರೆ ಗಿಡಕ್ಕೂ ಬಳಸಬಾರದು.

ನಮ್ಮ ಗಿಡದಲ್ಲಿ ಉಳಿಸಬಹುದಾದ ಬೇರೊಂದೂ ಇರಲಿಲ್ಲ. ಆಗ ಇರುವ ದಾರಿ ಒಂದೇ: ಕಾಂಡವನ್ನು ಬುಡದಿಂದ ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತ ಮೇಲಕ್ಕೆ ಹೋಗುವುದು. ಕೊಯ್ದ ಮುಖದಲ್ಲಿ ಕಂದು ಚುಕ್ಕೆ ಕಂಡರೆ ಚಾಕುವನ್ನು ಮತ್ತೆ ಒರೆಸಿ ಇನ್ನಷ್ಟು ಕತ್ತರಿಸಬೇಕು. ಅತ್ತೆಯವರ ಗಿಡವೆಂಬ ಮಮತೆಯಿಂದ ನನ್ನ ಕೈ ಎರಡು ಸಲ ತಡೆಯಿತು. ಆದರೆ ಕೊಳೆ ಉಳಿದರೆ ಎಲ್ಲವೂ ಹೋಗುತ್ತಿತ್ತು. ಕೊನೆಗೆ ಶುಭ್ರವಾದ ತುದಿಯೊಂದು, ಗೆಣ್ಣುಗಳಿರುವ ಎರಡು ತುಂಡುಗಳು ದೊರೆತವು. ಅವನ್ನು ಒಂದು ದಿನ ನೆರಳಿನಲ್ಲಿಟ್ಟು ಗಾಯ ಆರಿಸಿ, ತುದಿಯನ್ನು ನೆಟ್ಟಗೆ ನೆಟ್ಟು, ತುಂಡುಗಳನ್ನು ಅಡ್ಡಲಾಗಿ ಅರ್ಧ ಹೂತೆವು. ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದೊಂದು ಪಾಲು ಕೆಮ್ಮಣ್ಣು ಮತ್ತು ದಪ್ಪ ಮರಳು, ಒಂದು ಹಿಡಿ ಇದ್ದಿಲ ಚೂರು: ಇಷ್ಟೇ ಮಿಶ್ರಣ. ಕುಂಡದ ತಳದಲ್ಲಿ ಜಲ್ಲಿಕಲ್ಲು ಹರಡಿದರೆ ನೀರು ಬೇಗ ಬಸಿಯುವುದೆಂಬುದು ತಪ್ಪು ತಿಳಿವಳಿಕೆ. ರಂಧ್ರದ ಮೇಲೆ ಒಂದು ಹೆಂಚಿನ ಚೂರು ಸಾಕು. ಬೇರು ಬಿಡುವ ತನಕ ಗೊಬ್ಬರ ಕೂಡದು, ನೇರ ಬಿಸಿಲೂ ಕೂಡದು. ಬೆರಳನ್ನು ಒಂದು ಅಂಗುಲದಷ್ಟು ಮಣ್ಣಿನೊಳಗೆ ಇಳಿಸಿ, ಒಣಗಿದ್ದರೆ ಮಾತ್ರ ನೀರು ಕೊಡಿರಿ.

ಒಂದು ತುಂಡು ಕೊಳೆತುಹೋಯಿತು. ತುದಿಯು ಐದನೆಯ ವಾರ ಹೊಸ ಎಲೆ ಬಿಚ್ಚಿತು. ಉಳಿದ ತುಂಡು ಚಿಗುರಿದ ಮೇಲೆ ಬೆಳಗಾವಿಯಲ್ಲಿರುವ ನಾದಿನಿಯವರಿಗೆ ಕೊಟ್ಟೆವು, ತಟ್ಟೆಯಿಲ್ಲದ ಕುಂಡದಲ್ಲಿ.